ರೇಷ್ಮೆಗೂಡಿನಿಂದ ಗಾಯದ ಜೆಲ್

ಹಿರಿಯೂರು, ಹೊಸದುರ್ಗದ ಕಡೆ ಬೆಳೆಯೋ ರೇಷ್ಮೆಗೂಡು
ಸೀರೆ ಆಗೋದು ನಿಮಗೆ ಗೊತ್ತು.
ಅದೇ ಗೂಡು ಗಾಯಕ್ಕೂ ಮದ್ದಾಗುತ್ತೆ ಅಂದ್ರೆ ನಂಬ್ತೀರಾ?

ರೇಷ್ಮೆ ಅಂದ್ರೆ ಬಹುಪಾಲು ಪ್ರೋಟೀನೇ.
ಒಳಗಿನ ಗಟ್ಟಿ ಎಳೆ, ಫೈಬ್ರಾಯಿನ್.
ಅದರ ಸುತ್ತ ಅಂಟು, ಸೆರಿಸಿನ್.

ವಾಷಿಂಗ್ ಸೋಡಾ ಹಾಕಿ ಕುದಿಸಿದ್ರೆ ಅಂಟು ಬಿಡುತ್ತೆ.
ಉಳಿದ ಎಳೆಯನ್ನ ಲ್ಯಾಬ್‌ನಲ್ಲಿ ಕರಗಿಸ್ತಾರೆ.
ಉಪ್ಪಿನ ದ್ರಾವಣದಲ್ಲಿ.
ಅಡುಗೆ ಉಪ್ಪಲ್ಲ ಮತ್ತೆ, ಅದು ಬೇರೆ!
ಆಮೇಲೆ ಆ ಉಪ್ಪು ತೆಗೀತಾರೆ.
ಆಗ ಪ್ರೋಟೀನ್ ಎಳೆಗಳು ಮತ್ತೆ ಹೆಣೆದುಕೊಳ್ತವೆ.
ನಡುವೆ ನೀರು ಸಿಕ್ಕಿಹಾಕಿಕೊಳ್ಳುತ್ತೆ.
ಅದೇ ಹೈಡ್ರೋಜೆಲ್.

ಕಾಮಕಸ್ತೂರಿ ಬೀಜ ನೆನೆಹಾಕಿದ್ದೀರಲ್ಲ?
ಸುತ್ತ ಲೋಳೆ ಉಬ್ಬಿ, ನೀರನ್ನ ಹಿಡಿದು ಕೂರುತ್ತೆ.
ಥೇಟ್ ಹಾಗೇ.

ಗಾಯ ಒಣಗಿದ್ರೇನೇ ವಾಸಿ ಅಂತೀವಿ ನಾವು.
ಆದ್ರೆ ಹದವಾದ ತೇವ ಇದ್ರೆ
ಹೊಸ ಚರ್ಮ ಬೇಗ ಬರುತ್ತೆ.
ಈ ಜೆಲ್ ಆ ತೇವ ಕಾಪಾಡುತ್ತೆ.
ಔಷಧಿ ಬೆರೆಸಿದ್ರೆ, ನಿಧಾನಕ್ಕೆ ಬಿಡುತ್ತೆ.
ಸವೆದ ಮಂಡಿಯ ಕಾರ್ಟಿಲೇಜ್‌ಗೂ ಪ್ರಯೋಗ ನಡೀತಿದೆ.
ಅದಿನ್ನೂ ಸಂಶೋಧನೆಯ ಮಾತು, ಆಸೆ ಪಡೋಕೆ ಸಮಯ ಇದೆ.

ರೇಷ್ಮೆ ದಾರದಲ್ಲಿ ಹೊಲಿಗೆ ಹಾಕೋದು ಡಾಕ್ಟರಿಗೆ ಹಳೇ ವಿದ್ಯೆ.
ಈಗ ಬೆಂಗಳೂರಿನ ಫೈಬ್ರೋಹೀಲ್ ಕಂಪನಿ
ರೇಷ್ಮೆ ಪ್ರೋಟೀನಿನ ಡ್ರೆಸ್ಸಿಂಗನ್ನೇ ತಯಾರಿಸ್ತಿದೆ.
ಗೂಡು ಬೆಳೆಯೋ ರೈತರಿಗೆ ಇದು ಒಳ್ಳೇ ಸುದ್ದಿ ಅಂತಲೇ ನನ್ನ ಲೆಕ್ಕ.

ಹಾಗಂತ ಮನೇಲಿ ಗೂಡು ಕುದಿಸಿ ಹಚ್ಚಿಕೊಳ್ಳಬೇಡಿ!
ಶುಗರ್ ಇದ್ದು ಕಾಲಲ್ಲಿ ಗಾಯ ಆಗಿದ್ಯಾ?
ಹೊಳಲ್ಕೆರೆ ತಾಲ್ಲೂಕು ಆಸ್ಪತ್ರೆಯೋ, ಚಿತ್ರದುರ್ಗದ ಜಿಲ್ಲಾಸ್ಪತ್ರೆಯೋ,
ಹತ್ತಿರ ಯಾವುದೋ ಅಲ್ಲಿಗೆ ಹೋಗಿ,
ಇವತ್ತೇ ತೋರಿಸಿ.