ಮುದ್ದೆಯೂ ರೊಟ್ಟಿಯೂ ಕೂಡುವ ಸೀಮೆ

ಹಿರಿಯೂರಿನಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಊಟ ನಿಧಾನವಾಗಿ ಬದಲಾಗುತ್ತಾ ಹೋಗುತ್ತದೆ. ಹಿರಿಯೂರಿನಲ್ಲಿ ರಾಗಿಮುದ್ದೆಯದೇ ದರ್ಬಾರು, ಬಳ್ಳಾರಿಯಲ್ಲಿ ಜೋಳದ ರೊಟ್ಟಿಯದು. ನಡುವಿನ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಎರಡೂ ಉಂಟು, ಎಷ್ಟೋ ಕಡೆ ಒಂದೇ ಮನೆಯಲ್ಲಿ ಉಂಟು. ಮಧ್ಯಾಹ್ನ ಮುದ್ದೆ ನುಂಗಿದವರು ರಾತ್ರಿ ರೊಟ್ಟಿ ಮುರಿಯುತ್ತಾರೆ. ಮೊಳಕಾಲ್ಮುರಿನಿಂದ ಮುಂದೆ ಹೋದರೆ ಆಂಧ್ರದ ರಾಯದುರ್ಗ. ಆ ಅಂಚಿನ ತೆಲುಗು ಮನೆಗಳಲ್ಲಿ ಮುದ್ದೆ ಸಂಗಟಿಯಾಗುತ್ತದೆ, ರಾಗಿಹಿಟ್ಟಿನ ಜೊತೆ ಅನ್ನವೂ ಬೆರೆಯುತ್ತದೆ. ಬೆಳಗಿನ ಮಂಡಕ್ಕಿ ಒಗ್ಗರಣೆ ಬಳ್ಳಾರಿ ಕಡೆಗೆ ಸರಿದಂತೆ ಉಗ್ಗಾಣಿ ಆಗುತ್ತದೆ. ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇರಬೇಕೆಂಬುದರಲ್ಲಿ ಮಾತ್ರ ಯಾವ ಊರಿಗೂ ತಕರಾರಿಲ್ಲ.

ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳ ಹೆಸರು ಪತ್ರಿಕೆಯಲ್ಲಿ ಬಂದರೆ ಸಾಮಾನ್ಯವಾಗಿ ಬರದ ಸುದ್ದಿಯ ಜೊತೆ ಬರುತ್ತದೆ. ವರ್ಷದ ಮಳೆ 500 ಮಿಲಿಮೀಟರ್ ಮುಟ್ಟಿದರೆ ಅದೇ ಹೆಚ್ಚು. ವೇದಾವತಿ ಈ ಸೀಮೆಯಲ್ಲಿ ಹಾದುಹೋದರೂ ಬಹುಕಾಲ ಮರಳೇ ಕಾಣುವ ನದಿ. ಹಾಗಾಗಿ ಹೊರಗಿನವರು ಇಲ್ಲಿನ ಊಟವನ್ನು ಬಡತನದ ಊಟವೆಂದು ಬೇಗ ತೀರ್ಮಾನಿಸಿಬಿಡುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಈ ತಟ್ಟೆಯಲ್ಲಿ ಮಳೆ ಮಾಡಿದ ತೀರ್ಮಾನ ಎಷ್ಟಿದೆಯೋ ಜನ ತಾವಾಗಿ ಮಾಡಿಕೊಂಡ ಆಯ್ಕೆಯೂ ಅಷ್ಟೇ ಇದೆ.

ಮೊದಲು ಶೇಂಗಾ. ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಕೆಂಪು ಮಣ್ಣಿನ ಮಳೆಯಾಶ್ರಿತ ಹೊಲಗಳಲ್ಲಿ ಶೇಂಗಾ ಹಬ್ಬಿದಂತೆ ಊರಿನಲ್ಲಿ ಎಣ್ಣೆ ಗಿರಣಿಗಳು ಒಂದರ ಪಕ್ಕ ಒಂದು ಎದ್ದವು, ಎಣ್ಣೆ ವಹಿವಾಟಿನಲ್ಲಿ ಇದು ಎರಡನೇ ಮುಂಬೈ ಎಂದು ಜನ ಕರೆದರು. 1990ರ ದಶಕದ ನಡುವೆ ವಿದೇಶದ ತಾಳೆ ಎಣ್ಣೆಗೆ ಬಾಗಿಲು ತೆರೆದ ಮೇಲೆ ಅಗ್ಗದ ಎಣ್ಣೆಯ ಎದುರು ಶೇಂಗಾ ಎಣ್ಣೆಗೆ ನಿಲ್ಲುವುದು ಕಷ್ಟವಾಯಿತು. ಗಿರಣಿಗಳ ಸದ್ದು ಕುಗ್ಗಿತು, ಬೆಳೆ ನಿಲ್ಲಲಿಲ್ಲ. ಮುಂಗಾರು ಬಿದ್ದರೆ ಇಂದಿಗೂ ಶೇಂಗಾ ಬಿತ್ತುತ್ತಾರೆ. 1940ರ ಸುಮಾರಿಗೆ ತಮಿಳುನಾಡಿನ ತಿಂಡಿವನಂನಿಂದ ಹೊರಬಂದ ಟಿಎಂವಿ-2 ತಳಿಯನ್ನು ಇಲ್ಲಿನ ರೈತರು ಇಷ್ಟು ಕಾಲವಾದರೂ ಕೈಬಿಟ್ಟಿಲ್ಲ.

ಶೇಂಗಾ ಇಲ್ಲಿ ಅಡುಗೆಗೆ ಹಾಕುವ ಒಂದು ಸಾಮಾನು ಮಾತ್ರವಲ್ಲ. ಅದಿಲ್ಲದೆ ಅಡುಗೆಮನೆ ಶುರುವಾಗುವುದೇ ಇಲ್ಲ. ಹುರಿದ ಬೀಜ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಚೂರು ಹುಣಸೆಹಣ್ಣು ಸೇರಿಸಿ ಕುಟ್ಟಿದ ಚಟ್ನಿಪುಡಿ ಡಬ್ಬಿಯಲ್ಲಿ ಮುಗಿಯುವ ಮೊದಲೇ ಮತ್ತೊಂದು ಕುಟ್ಟಿ ಆಗಿರುತ್ತದೆ. ತಟ್ಟೆಗೆ ಹಾಕಿಕೊಂಡು ನಡುವೆ ಗುಳಿ ಮಾಡಿ ಕಾಯಿಸದ ಎಣ್ಣೆ ಬಿಟ್ಟುಕೊಂಡು ರೊಟ್ಟಿಯಲ್ಲಿ ಒರೆಸಿ ತಿನ್ನಬೇಕು. ಬದನೆಕಾಯಿ ಎಣ್ಣೆಗಾಯಿಗೂ ಶೇಂಗಾಪುಡಿ, ಹಬ್ಬದ ಹೋಳಿಗೆಗೂ ಶೇಂಗಾ ಬೆಲ್ಲ. ಎಣ್ಣೆ ತೆಗೆದು ಉಳಿದ ಹಿಂಡಿ ಎತ್ತುಗಳಿಗೆ. ಕೀಳುವ ಕಾಲಕ್ಕೆ ಹೊಲದ ಬದುವಿನಲ್ಲೇ ಹಸಿ ಗಿಡಗಳನ್ನು ಒಟ್ಟಿ ಬೆಂಕಿ ಹಚ್ಚಿ, ಬೂದಿಯಿಂದ ಕಾಯಿ ಕೆದಕಿ ತಿನ್ನುವ ಸುಖ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬೆರಳೂ ತುಟಿಯೂ ಕಪ್ಪಾಗಿರುತ್ತವೆ, ಬೀಜ ಅರೆಬೆಂದು ಹಾಲಿನ ಸಿಹಿ ಬಿಟ್ಟಿರುತ್ತದೆ.

ಆದರೂ ಈ ಸೀಮೆಯ ಒಂದೇ ಒಂದು ರುಚಿ ಆರಿಸಿ ಎಂದರೆ ನಾನು ಶೇಂಗಾ ಬಿಟ್ಟು ಹುರುಳಿಯನ್ನು ಆರಿಸುತ್ತೇನೆ. ಶೇಂಗಾ ದಕ್ಷಿಣ ಅಮೆರಿಕದಿಂದ ಬಂದ ನೆಂಟ. ಹುರುಳಿ ಈ ನೆಲದ್ದೇ ಮಗಳು. ಮೊಳಕಾಲ್ಮುರಿಗೆ ಹತ್ತಿರವೇ ಇರುವ ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಬಿಟ್ಟುಹೋದ ಬೂದಿಯಲ್ಲಿ ಹುರುಳಿಯ, ಹೆಸರಿನ, ಕಿರುಧಾನ್ಯಗಳ ಕರಕಲು ಕಾಳುಗಳು ಸಿಕ್ಕಿವೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯನ್ನು ಜನ ಅಶೋಕನ ಶಾಸನಕ್ಕಾಗಿ ನೋಡಲು ಹೋಗುತ್ತಾರೆ. ಅಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಶಾಸನಕ್ಕಿಂತ ಬಹಳ ಹಿಂದಿನ, ಕಲ್ಲುಕೊಡಲಿ ಬಳಸುತ್ತಿದ್ದ ಜನರ ನೆಲೆಯೂ ಹೊರಬಂತು. ಚಕ್ರವರ್ತಿಯ ಆಜ್ಞೆ ಬಂಡೆಗೆ ಏರುವ ಎಷ್ಟೋ ಕಾಲ ಮೊದಲೇ ಈ ಬಯಲಿನಲ್ಲಿ ಹುರುಳಿ ಬೇಯುತ್ತಿತ್ತು.

ಹುರುಳಿಕಟ್ಟಿನ ಸಾರಿಗೆ ಅವಸರ ಆಗದು. ಕಾಳನ್ನು ಚೆನ್ನಾಗಿ ಬೇಯಿಸಿ ಕಟ್ಟು ಬಸಿದುಕೊಳ್ಳಬೇಕು. ಬೆಂದ ಕಾಳಿನಲ್ಲಿ ಒಂದು ಹಿಡಿಯನ್ನು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಕೊಬ್ಬರಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜದ ಜೊತೆ ರುಬ್ಬಿ ಕಟ್ಟಿಗೆ ಬೆರೆಸಿ, ಹುಣಸೆಹುಳಿ ಬಿಟ್ಟು ಕುದಿಸಬೇಕು. ಉಳಿದ ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ ಆಯಿತು. ಈ ಸಾರು ಮಾರನೆಯ ದಿನ ಇನ್ನೂ ಚೆನ್ನ ಎಂದು ತಿಳಿದವರು ಹೇಳುತ್ತಾರೆ, ನನ್ನದೂ ಅದೇ ಅಭಿಪ್ರಾಯ. ಬಿಸಿಮುದ್ದೆಯನ್ನು ಅದರಲ್ಲಿ ಹೊರಳಿಸಿ ನುಂಗಿದವನಿಗೆ ಸಂಜೆಯ ತನಕ ಹಸಿವಿನ ನೆನಪಾಗುವುದಿಲ್ಲ.

ಏನು ತಿನ್ನುತ್ತಾರೆ ಎಂಬುದರಷ್ಟೇ ಏನು ತಿನ್ನುವುದಿಲ್ಲ ಎಂಬುದೂ ಇಲ್ಲಿ ಮುಖ್ಯ. ಈ ಬಯಲಿನ ಮ್ಯಾಸನಾಯಕರ ಹಳೆಯ ಕಟ್ಟಳೆಯಲ್ಲಿ ಕೋಳಿ ನಿಷಿದ್ಧ, ಹಂದಿ ನಿಷಿದ್ಧ, ಈಚಲ ಹೆಂಡವೂ ನಿಷಿದ್ಧ. ಕುರಿ, ಮೇಕೆಗೆ ಅಡ್ಡಿಯಿಲ್ಲ. ಬೇಟೆಯಾಡುತ್ತಿದ್ದ, ದನ ಕಾಯುತ್ತಿದ್ದ ಸಮುದಾಯವೊಂದು ಮನೆಯಂಗಳದ ಕೋಳಿಯನ್ನೇ ಬೇಡವೆಂದದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಇದ್ದದ್ದನ್ನೆಲ್ಲ ತಿನ್ನುವ ಹಸಿವು ಅಲ್ಲಿಲ್ಲ. ಹಟ್ಟಿಗಳಲ್ಲಿ ಇದನ್ನು ಪಾಲಿಸುವವರು ಇಂದಿಗೂ ಇದ್ದಾರೆ. ಇದೇ ಜನ ದೇವರ ಎತ್ತುಗಳ ಹಿಂಡನ್ನು ಸಾಕುತ್ತಾರೆ. ಅವುಗಳನ್ನು ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ಕಿಲಾರಿ ಎಂಬಾತ ಅವುಗಳ ಜೊತೆಯೇ ಬದುಕು ಕಳೆಯುತ್ತಾನೆ. ಮೇವಿಲ್ಲದ ವರ್ಷಗಳಲ್ಲಿ ತಮ್ಮ ಊಟದ ಚಿಂತೆಗಿಂತ ಮೊದಲು ಈ ಹಿಂಡಿನ ಮೇವಿಗಾಗಿ ಹಟ್ಟಿಯವರು ಓಡಾಡುತ್ತಾರೆ.

ಕೋಳಿ, ಹಂದಿ ಬೇಡವೆಂದ ಮೇಲೆ ಬಾಡೂಟವೆಂದರೆ ಕುರಿಯದೇ. ಕುರುಬರ, ಗೊಲ್ಲರ ಮಂದೆಗಳು ಈ ಹುಲ್ಲುಗಾವಲುಗಳಲ್ಲಿ ಮೇದು ಬೆಳೆದವು. ಉಣ್ಣೆ ಕಂಬಳಿಯಾಯಿತು, ಮಾಂಸ ಹಬ್ಬದೂಟವಾಯಿತು. ಕಾವಲಿನ ಒಣಹುಲ್ಲು ಮೇದ ಕುರಿಯ ಮಾಂಸಕ್ಕೆ ಬೇರೆಯೇ ರುಚಿ ಎನ್ನುತ್ತಾರೆ ತಿಂದವರು. ಆ ಹುಲ್ಲುಗಾವಲು ಈಗ ಮೊದಲಿನಂತಿಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಯಂಥ ಸಂಸ್ಥೆಗಳ ಪಾಲಾಯಿತು. ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶಕ್ಕೆ ವಿಜ್ಞಾನ ಬೇಕು, ನಿಜ. ಆದರೆ ಗೋಡೆಯ ಆಚೆ ನಿಂತ ಕುರಿಗಾಹಿಗೆ ಆ ಹುಲ್ಲು ಅನ್ನವಾಗಿತ್ತು ಎಂಬುದನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಜಾತ್ರೆಗಳಲ್ಲೂ ಊಟದ್ದೇ ನಂಟು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದ ಸಂತ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ಮಣ್ಣು ಹೊತ್ತವರಿಗೆ ದುಡಿಮೆಗೆ ತಕ್ಕ ಕೂಲಿ ಸಿಗಲೆಂದು ಹುಟ್ಟಿದ್ದೆಂದು ಭಕ್ತರು ನಂಬುತ್ತಾರೆ. ಫಾಲ್ಗುಣದ ರಥೋತ್ಸವಕ್ಕೆ ಬಂದವರು ಒಣಕೊಬ್ಬರಿ ಸುಟ್ಟು ಹರಕೆ ತೀರಿಸುತ್ತಾರೆ. ಊರಿಗೆ ಊರೇ ಕೊಬ್ಬರಿಯ ಹೊಗೆಯ ಘಮ. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಭಕ್ತರು ಈರುಳ್ಳಿ ತೂರುತ್ತಾರೆ. ಈರುಳ್ಳಿ ಬೆಳೆವ ಸೀಮೆಯ ಹರಕೆ ಇನ್ನೇನಿದ್ದೀತು?

ನೋವಿನ ಸಂಗತಿ ಒಂದಿದೆ. ನವಣೆ, ಸಾಮೆ, ಕೊರಲೆ, ಸಜ್ಜೆಗಳು ಬೆಳೆಯುತ್ತಿದ್ದ ಜಾಗವನ್ನು ನಗದಿನ ಆಸೆ ಹುಟ್ಟಿಸಿದ ಶೇಂಗಾ ಆಕ್ರಮಿಸಿತು. 2013ರ ಅನ್ನಭಾಗ್ಯದ ಅಕ್ಕಿ ಮನೆಮನೆಯ ಹಸಿವು ನೀಗಿದ್ದನ್ನು ಯಾರೂ ಅಲ್ಲಗಳೆಯಲಾರರು, ಆದರೆ ಜೊತೆಗೇ ನವಣೆ ಅನ್ನ ಅಜ್ಜಿಯರ ಮಾತಿನೊಳಕ್ಕೆ ಸರಿಯಿತು. ಈಗ ಅದೇ ನವಣೆ ಬೆಂಗಳೂರಿನ ಮಳಿಗೆಗಳಲ್ಲಿ ಸಿರಿಧಾನ್ಯವೆಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಕೂತಿದೆ. ಮುಂಗಾರು ಕೈಕೊಟ್ಟ ವರ್ಷ ಶೇಂಗಾ ಬಿತ್ತಿದವನಿಗೆ ಬೀಜದ ಸಾಲ ಉಳಿಯುತ್ತದೆ. ನವಣೆ, ಹುರುಳಿ ಬಿತ್ತಿದವನಿಗೆ ಉಣ್ಣಲು ಒಂದಿಷ್ಟಾದರೂ ಉಳಿಯುತ್ತಿತ್ತು. ಶೇಂಗಾದ ನಡುವಿನ ಅಕ್ಕಡಿ ಸಾಲಿನಲ್ಲಾದರೂ ಇವು ಹೊಲಕ್ಕೆ ಮರಳಲಿ ಎಂಬುದು ನನ್ನ ಆಸೆ.

ಈ ಕಡೆ ಬರುವುದಾದರೆ ದಸರಾ ಕಳೆದ ಮೇಲೆ, ಶೇಂಗಾ ಕೀಳುವ ಹೊತ್ತಿಗೆ ಬನ್ನಿ. ಮೊಳಕಾಲ್ಮುರಿನಲ್ಲಿ ಮಗ್ಗದ ಮನೆ ಹೊಕ್ಕು ರೇಷ್ಮೆ ಸೀರೆ ನೋಡಿ, ಬ್ರಹ್ಮಗಿರಿಯ ಬಂಡೆ ನೋಡಿ, ಸಂಜೆ ಯಾವುದಾದರೂ ಸರ್ಕಲ್ಲಿನ ಗಾಡಿಯಲ್ಲಿ ಖಾರಮಂಡಕ್ಕಿಗೆ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ಕಡಿದುಕೊಳ್ಳಿ. ಚಳ್ಳಕೆರೆಯಲ್ಲಿ ಊಟಕ್ಕೆ ಕುಳಿತಾಗ ಅನ್ನ ಸಾಂಬಾರಿಗೆ ತೃಪ್ತರಾಗದೆ ಹುರುಳಿಸಾರು ಇದೆಯಾ ಎಂದು ಕೇಳಿ. ಕೇಳುವವರು ಹೆಚ್ಚಾದರೆ ಮಾಡುವವರೂ ಹೆಚ್ಚುತ್ತಾರೆ.