ಮಗಳ ಬಿ.ಇ. ಮುಗಿಯಿತು, ಮುಂದೇನು? ಎಂ.ಟೆಕ್. ಓದಲು ಎರಡು ದಾರಿ



ಮೊದಲೆಲ್ಲ ನಾವು ಸಂಘದ ಸಭೆಗೆ ಬಂದಾಗ "ಮಗಳನ್ನು ಪಿಯುಸಿಗೆ ಕಳಿಸೋದಾ ಬೇಡ್ವಾ ಸಿಸ್ಟರ್?" ಎಂದು ನೀವು ಕೇಳುತ್ತಿದ್ದಿರಿ. ಈಗ ಪ್ರಶ್ನೆ ಬದಲಾಗಿದೆ. ಒಂದು ಸಭೆಯಲ್ಲಿ ಒಬ್ಬ ತಾಯಿ ಹೀಗೆಂದರು: "ಮಗಳು ಬಿ.ಇ. ಮುಗಿಸಿದ್ಲು. ಎಂ.ಟೆಕ್. ಓದ್ತೀನಿ ಅಂತಾಳೆ. ಅವರಪ್ಪ ಕೆಲಸಕ್ಕೆ ಹೋಗ್ಲಿ ಅಂತಾರೆ. ಕಾಲೇಜಿಗೆ ಹೋಗದೆ ಅಂಚೆ ಮೂಲಕ ಎಂ.ಟೆಕ್. ಮಾಡಿಸ್ತೀವಿ ಅಂತ ಒಬ್ಬ ಏಜೆಂಟ್ ಫೋನ್ ಮಾಡಿದ್ದ. ಮುಂಗಡ ಕಟ್ಟೋಕೆ ಸಂಘದಿಂದ ಸಾಲ ಸಿಗುತ್ತಾ?"

ಹಪ್ಪಳ ಮಾರಿ, ದನ ಸಾಕಿ ಕೂಡಿಸಿದ ಹಣ ಅದು. ಆದ್ದರಿಂದ ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಈ ವಿಷಯ ನಮ್ಮೆಲ್ಲರಿಗೂ ತಿಳಿದಿರಬೇಕು.

ಪೂರ್ಣಾವಧಿ ಓದು

ಇದು 2 ವರ್ಷ, ಅಂದರೆ 4 ಸೆಮಿಸ್ಟರ್. ದಿನವೂ ಕಾಲೇಜಿಗೆ ಹೋಗಬೇಕು, ಜೊತೆಗೆ ಕೆಲಸ ಮಾಡಲು ಆಗುವುದಿಲ್ಲ. "ಹಾಗಾದ್ರೆ ಖರ್ಚಿಗೆ ಏನು ಮಾಡೋದು?" ಎನ್ನುತ್ತೀರಿ. ಇಲ್ಲೇ ಒಂದು ಸಂತೋಷದ ವಿಷಯವಿದೆ.

'ಗೇಟ್' ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಏಳು ಐಐಟಿಗಳು ಸರದಿಯಂತೆ ಇದನ್ನು ನಡೆಸುತ್ತವೆ. ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಅರ್ಜಿ, ಫೆಬ್ರವರಿಯಲ್ಲಿ ಪರೀಕ್ಷೆ. ಬಿ.ಇ. ಮೂರನೇ ವರ್ಷದಲ್ಲಿರುವವರೂ ಬರೆಯಬಹುದು. ಹೆಣ್ಣು ಮಕ್ಕಳಿಗೆ ಅರ್ಜಿ ಶುಲ್ಕ ಅರ್ಧ ಮಾತ್ರ. ಪಡೆದ ಅಂಕ 3 ವರ್ಷ ಊರ್ಜಿತ.

ಗೇಟ್‌ನಲ್ಲಿ ಅರ್ಹತೆ ಪಡೆದು, ಎಐಸಿಟಿಇ ಮಾನ್ಯತೆಯ ಕಾಲೇಜಿನಲ್ಲಿ ಪೂರ್ಣಾವಧಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ ರೂ. 12,400 ವಿದ್ಯಾರ್ಥಿವೇತನ ಉಂಟು. ಇದು ಹೆಚ್ಚೆಂದರೆ 24 ತಿಂಗಳು ಸಿಗುತ್ತದೆ. ಲೆಕ್ಕ ಹಾಕಿ ನೋಡಿ, ಒಟ್ಟು ರೂ. 2,97,600! ಇದು ಸಾಲವಲ್ಲ, ಹಿಂತಿರುಗಿಸಬೇಕಾಗಿಲ್ಲ. ಗೇಟ್ ಇಲ್ಲದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಬರೆದು ಸೇರಬಹುದು. ಆದರೆ ಅವರಿಗೆ ಈ ವಿದ್ಯಾರ್ಥಿವೇತನ ಇಲ್ಲ.

ಅರೆಕಾಲಿಕ ಓದು

ಇದನ್ನು ಪಾರ್ಟ್‌ಟೈಮ್ ಎನ್ನುತ್ತಾರೆ. ಕೆಲಸದಲ್ಲಿ ಇರುವವರಿಗಾಗಿಯೇ ಇರುವಂಥದ್ದು. ಸಾಮಾನ್ಯವಾಗಿ 3 ವರ್ಷ. ಸಂಜೆ ಅಥವಾ ರಜಾದಿನಗಳಲ್ಲಿ ತರಗತಿ. ಹೆಚ್ಚಿನ ಕಡೆ ಕೆಲಸ ಕೊಟ್ಟವರಿಂದ ಒಪ್ಪಿಗೆ ಪತ್ರ ಕೇಳುತ್ತಾರೆ. ಸಂಬಳ ನಿಲ್ಲುವುದಿಲ್ಲ ಎಂಬುದೇ ಇದರ ಲಾಭ. ಮನೆಯ ಸಾಲದ ಕಂತು ಮಗಳ ಸಂಬಳದ ಮೇಲೆ ನಿಂತಿದ್ದರೆ ಈ ದಾರಿ ಒಳ್ಳೆಯದು. ಆದರೆ ಕೆಲಸದ ಜಾಗಕ್ಕೂ ಕಾಲೇಜಿಗೂ ದೂರ ಕಡಿಮೆ ಇರಬೇಕು. ರಾತ್ರಿ ಬಸ್ಸಿನ ಸೌಕರ್ಯವನ್ನೂ ವಿಚಾರಿಸಿ. ಗೇಟ್‌ನ ರೂ. 12,400 ಇವರಿಗೆ ಸಿಗುವುದಿಲ್ಲ.

ನೆನಪಿಡಿ, ಅರೆಕಾಲಿಕ ಎಂದರೆ ಕಾಲೇಜಿಗೆ ಹೋಗದೆ ಓದುವುದಲ್ಲ.

ಅಂಚೆ ಮೂಲಕ ಎಂ.ಟೆಕ್.?

ಇಲ್ಲಿ ಬಹಳ ಜಾಗ್ರತೆ ಬೇಕು. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತು. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಎಐಸಿಟಿಇ ಅನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಇಂಜಿನಿಯರಿಂಗ್ ಪದವಿ ಕೊಟ್ಟಿದ್ದವು. ಆ ಪದವಿಗಳನ್ನು ನ್ಯಾಯಾಲಯ ಒಪ್ಪಲಿಲ್ಲ. ಹಣ ಕಟ್ಟಿ, ವರ್ಷಗಟ್ಟಲೆ ಓದಿ, ಅದರ ಮೇಲೆ ಕೆಲಸವನ್ನೂ ಪಡೆದಿದ್ದವರು ಕಂಗಾಲಾದರು. ಲ್ಯಾಬಿನಲ್ಲಿ ಕೈಯಿಟ್ಟು ಕಲಿಯಬೇಕಾದ ವಿದ್ಯೆ ಅಂಚೆಯಲ್ಲಿ ಬರುತ್ತದೆಯೇ?

ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಆನ್‌ಲೈನ್ ಎಂ.ಟೆಕ್. ಶುರುಮಾಡಿದ್ದು ನಿಜ. ಆದರೆ ಅದು ಕಂಪನಿಗಳು ಪ್ರಾಯೋಜಿಸಿ ಕಳಿಸುವ ಉದ್ಯೋಗಿಗಳಿಗೆ. ಅದರ ಹೆಸರು ಹೇಳಿ ಯಾರಾದರೂ ಮುಂಗಡ ಕೇಳಿದರೆ ನಂಬಬೇಡಿ.

ಹಣ ಕಟ್ಟುವ ಮೊದಲು

1. ಕಾಲೇಜು ಮತ್ತು ಆ ಕೋರ್ಸು ಎರಡಕ್ಕೂ ಎಐಸಿಟಿಇ ಮಾನ್ಯತೆ ಇದೆಯೇ ಎಂದು ಅದರ ವೆಬ್‌ಸೈಟಿನಲ್ಲಿ ಮಗಳಿಂದಲೇ ನೋಡಿಸಿ.

2. ಏಜೆಂಟರ ಕೈಗೆ ಹಣ ಕೊಡಬೇಡಿ. ಕಾಲೇಜಿಗೇ ಕಟ್ಟಿ, ರಶೀದಿ ಪಡೆಯಿರಿ.

3. ಸಂಘದ ಸಾಲಕ್ಕೆ ಮರುತಿಂಗಳಿನಿಂದಲೇ ಕಂತು ಬರುತ್ತದೆ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಹಾಗಲ್ಲ. ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ನಂತರ ಕಂತು ಆರಂಭ. ರೂ. 4 ಲಕ್ಷದವರೆಗೆ ಜಾಮೀನು ಆಸ್ತಿ ಕೇಳುವುದಿಲ್ಲ. ದೊಡ್ಡ ಫೀಸಿಗೆ ಮೊದಲು ಬ್ಯಾಂಕಿಗೆ ಹೋಗಿ.

4. ಎಂ.ಟೆಕ್. ಯಾಕೆ ಬೇಕು ಎಂದು ಮಗಳನ್ನು ಕೇಳಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಅದು ಬೇಕೇ ಬೇಕು. ಕೆಲಸ ಸಿಗಲಿಲ್ಲ, ಸುಮ್ಮನೆ ಕೂರೋದ್ಯಾಕೆ ಅಂತ ಓದುವುದಾದರೆ ಇನ್ನೊಮ್ಮೆ ಯೋಚಿಸಿ.

ಆ ತಾಯಿಗೆ ನಾವು ಹೇಳಿದ್ದೂ ಇಷ್ಟೇ. ಸಂಘದ ಸಾಲ ಬೇಡ, ಏಜೆಂಟನೂ ಬೇಡ. ಮಗಳು ಕೆಲಸ ಹುಡುಕುತ್ತಲೇ ಗೇಟ್‌ಗೆ ತಯಾರಾಗಲಿ. ಪಾಸಾದರೆ ವಿದ್ಯಾರ್ಥಿವೇತನದ ಮೇಲೆ ಪೂರ್ಣಾವಧಿ ಓದು, ಇಲ್ಲದಿದ್ದರೆ ಕೆಲಸದ ಜೊತೆ ಅರೆಕಾಲಿಕ. ಅವರಪ್ಪನನ್ನೂ ಕೂರಿಸಿಕೊಂಡು ಲೆಕ್ಕ ಹಾಕಿ ಎಂದೆವು.

ನಿಮ್ಮ ಮನೆಯಲ್ಲೂ ಇಂಥ ಮಗಳಿದ್ದರೆ ಮುಂದಿನ ಸಭೆಗೆ ಅವಳನ್ನೂ ಕರೆದುಕೊಂಡು ಬನ್ನಿ. ಕೂತು ಮಾತಾಡೋಣ. ದುಡಿದ ಕೈಗಳ ಮೇಲೂ ಓದುವ ಮಕ್ಕಳ ಮೇಲೂ ದೇವರ ಆಶೀರ್ವಾದವಿರಲಿ.