ಅಟ್ಟದ ಮೇಲಿನ ಕರಿ ಪೆಟ್ಟಿಗೆ

ಜಯನಗರ ಬಡಾವಣೆ ಹುಟ್ಟಿದ್ದು 1948ರಲ್ಲಿ. ಕಹಳೆ ಹೊತ್ತ ಗ್ರಾಮಫೋನುಗಳ ಕಾಲ 1920ರ ದಶಕದಲ್ಲೇ ಮುಗಿದಿತ್ತು. ಜಯನಗರದಲ್ಲೋ ಬನಶಂಕರಿಯಲ್ಲೋ ಹಳೇ ಮನೆ ಕೆಡವುವ ಮುನ್ನ ಅಟ್ಟ ಖಾಲಿ ಮಾಡುವಾಗ ಕಹಳೆಯ ಗ್ರಾಮಫೋನು ಸಿಕ್ಕರೆ, ಅದು ಬಸವನಗುಡಿ, ಚಾಮರಾಜಪೇಟೆ, ಮೈಸೂರಿನಂಥ ಹಳೆಯ ನೆಲೆಗಳಿಂದ ಸಾಮಾನಿನ ಜೊತೆ ಬಂದದ್ದೇ ಇರಬೇಕು. ಸಾಮಾನ್ಯವಾಗಿ ಸಿಗುವುದು ಸೂಟ್‌ಕೇಸಿನಂತೆ ಮುಚ್ಚಿ ಒಯ್ಯಬಹುದಾದ ಕರಿ ಪೆಟ್ಟಿಗೆ. ಅದರ ಕಹಳೆ ಒಡಲೊಳಗೇ ಮಡಿಸಿ ಕೂತಿರುತ್ತದೆ. ಕಹಳೆ ಕಾಣದ್ದಕ್ಕೆ ಬೆಲೆಯೇನು ಎಂದು ಅದನ್ನು ಗುಜರಿಗೆ ಹಾಕುವವರಿದ್ದಾರೆ; ಅದರ ಹತ್ತು ಪಟ್ಟು ಹಣ ಕೊಟ್ಟು ಫಳಫಳಿಸುವ ಹಿತ್ತಾಳೆ ಕಹಳೆಯ ನಕಲಿಯನ್ನು ಮನೆಗೆ ತರುವವರೂ ಇದ್ದಾರೆ. ಎರಡೂ ನಷ್ಟವೇ.

ವಯಸ್ಸು ಹುಡುಕಲು ಮೊದಲು ಓದಬೇಕಾದದ್ದು ಕಂಪನಿಯ ಹೆಸರು. ಎಮಿಲ್ ಬರ್ಲಿನರ್ ಗ್ರಾಮಫೋನಿಗೆ ಪೇಟೆಂಟ್ ಪಡೆದದ್ದು 1887ರಲ್ಲಿ. ಲಂಡನ್ನಿನ ಗ್ರಾಮಫೋನ್ ಕಂಪನಿ ಅದರ ಹತ್ತು ವರ್ಷದ ನಂತರದ್ದು. 1900ರ ಕೊನೆಯಿಂದ 1907ರವರೆಗೆ ಈ ಕಂಪನಿ ಬೆರಳಚ್ಚು ಯಂತ್ರಗಳನ್ನೂ ಮಾರುತ್ತಿದ್ದುದರಿಂದ ‘ಗ್ರಾಮಫೋನ್ ಅಂಡ್ ಟೈಪ್‌ರೈಟರ್’ ಎಂದೇ ಕರೆಸಿಕೊಂಡಿತ್ತು. ಯಂತ್ರದ ತಗಡಿನ ಮೇಲೆ ಈ ಹೆಸರಿದ್ದರೆ ಅದು ಆ ಏಳು ವರ್ಷಗಳ ಕೂಸು. ಆಗಿನ ಗುರುತು ಗರಿಯಿಂದ ತಟ್ಟೆಯ ಮೇಲೆ ಬರೆಯುವ ದೇವದೂತ. ಫ್ರಾನ್ಸಿಸ್ ಬರೋ ಬರೆದ ನಾಯಿಯ ಚಿತ್ರವನ್ನು ಕಂಪನಿ 1899ರಲ್ಲೇ ಕೊಂಡರೂ ರೆಕಾರ್ಡಿನ ಲೇಬಲ್ಲಿಗೆ ಅದು ಬಂದದ್ದು 1909ರಲ್ಲಿ. ಆ ಚಿತ್ರದ ಶೀರ್ಷಿಕೆಯಾದ ‘ಹಿಸ್ ಮಾಸ್ಟರ್ಸ್ ವಾಯ್ಸ್’, ಅಂದರೆ ಎಚ್‌ಎಂವಿ ಎಂಬ ಹೆಸರು ಮನೆಮಾತಾದದ್ದು ಆಮೇಲೆ.

ಎರಡನೆಯ ಸಾಕ್ಷಿ ಸೌಂಡ್‌ಬಾಕ್ಸ್. ಮುಳ್ಳನ್ನು ಹಿಡಿದು, ಅದರ ಅದುರನ್ನು ಒಂದು ತೆಳು ಪೊರೆಗೆ ದಾಟಿಸಿ ಧ್ವನಿ ಮಾಡುವ ಪುಟ್ಟ ಗುಂಡು ಡಬ್ಬಿ ಇದು. ಮೊದಲ ಎರಡು ದಶಕ ಮೆರೆದ ‘ಎಕ್ಸಿಬಿಷನ್’ ಸೌಂಡ್‌ಬಾಕ್ಸಿನ ಪೊರೆ ಕಾಗೆಬಂಗಾರದ್ದು. ಬೆಳಕಿಗೆ ಹಿಡಿದರೆ ಪದರು ಪದರಾಗಿ ಕಾಣುತ್ತದೆ. 1921ರ ಹೊತ್ತಿಗೆ ನಂಬರ್ 2, 1925ರ ಹೊತ್ತಿಗೆ ನಂಬರ್ 4 ಬಂದವು. ಮುಂದಿನ 5ಎ, 5ಬಿಗಳಲ್ಲಿ ಅಲ್ಯೂಮಿನಿಯಂ ಪೊರೆ. ಆದರೆ ಸೌಂಡ್‌ಬಾಕ್ಸ್ ಬಿಚ್ಚಿ ಬೇರೆ ಹಾಕುವುದು ಒಂದು ನಿಮಿಷದ ಕೆಲಸ. ಅದೊಂದನ್ನೇ ನಂಬಿ ಇಸವಿ ಹೇಳುವುದು ಸರಿಯಲ್ಲ. ಪೆಟ್ಟಿಗೆ, ಮೋಟಾರು, ಸೌಂಡ್‌ಬಾಕ್ಸ್, ಅದನ್ನು ಹೊತ್ತ ಕೈ ನಾಲ್ಕೂ ಒಂದೇ ಕಾಲಕ್ಕೆ ಬೆರಳು ತೋರಿಸಬೇಕು.

ಕರಿ ಪೆಟ್ಟಿಗೆಗಳಲ್ಲಿ ಹೆಸರಾದವು ಎಚ್‌ಎಂವಿ 101 ಮತ್ತು 102. ಮೊದಲನೆಯದು 1925ರಿಂದ 1931ರವರೆಗೆ ಬಂತು. ಅದರ ಆರಂಭದ ತಯಾರಿಕೆಯಲ್ಲಿ ಕೀ ಕೊಡುವ ಹಿಡಿಕೆಯ ತೂತು ಮುಂಭಾಗದಲ್ಲಿತ್ತು, ಬೇಗನೆ ಪಕ್ಕಕ್ಕೆ ಸರಿಯಿತು. ಮುಂದೆ ತೂತಿರುವ 101 ಸಿಕ್ಕರೆ ಅದನ್ನು ಜೋಪಾನ ಮಾಡಬೇಕು. 102 ಬಂದದ್ದು 1931ರಲ್ಲಿ, ಗ್ರಾಮಫೋನ್ ಕಂಪನಿ ಕೊಲಂಬಿಯಾ ಜೊತೆ ಸೇರಿ ಇಎಂಐ ಆದ ವರ್ಷ. 1950ರ ದಶಕದಲ್ಲೂ ತಯಾರಾಗುತ್ತಲೇ ಇದ್ದುದರಿಂದ ಅದು ಅಪರೂಪವಲ್ಲ. ಹಾಡು ಕೇಳಲು ಮಾತ್ರ ಅದರಷ್ಟು ಒಳ್ಳೆಯ ಪೆಟ್ಟಿಗೆ ಕಡಿಮೆ. ಕರೆಂಟಿನ ಹಂಗಿಲ್ಲದ ಈ ಯಂತ್ರಗಳು ಊರೂರಿಗೂ ಹೋದವು.

ಜೊತೆಯಲ್ಲಿರುವ ಪ್ಲೇಟುಗಳನ್ನು ಬೇರೆಯವರಿಗೆ ಕೊಟ್ಟುಬಿಡುವ ಮುಂಚೆ ತಿರುಗಿಸಿ ನೋಡಬೇಕು. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಮುದ್ರಿಸಿಕೊಂಡಾಗ ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಭಾರತದ ಅರಗೇ ಅಲ್ಲಿ ಹೋಗಿ ಪ್ಲೇಟಾಗಿ ಮರಳುತ್ತಿತ್ತು. ಒಂದೇ ಬದಿಗೆ ಹಾಡಿದ್ದು ಹ್ಯಾನೋವರ್ ಹೆಸರಿದ್ದರೆ, ಅದು ಕಲ್ಕತ್ತೆಯಲ್ಲಿ ಕಾರ್ಖಾನೆ ತೆರೆದ 1908ಕ್ಕಿಂತ ಹಿಂದಿನದೆಂದು ಊಹಿಸಬಹುದು. ಆ ಕಾರ್ಖಾನೆ ಆಮೇಲೆ ಸೇರಿದ ಡಂಡಂ ಹೆಸರಿದ್ದರೆ 1928ರ ಈಚಿನದು. ಎಚ್‌ಎಂವಿ ಪ್ಲೇಟಿನ ಲೇಬಲ್ಲಿನ ಅಂಚಿನಾಚೆ ಅರಗಿನಲ್ಲಿ ಕೊರೆದ ಸಂಖ್ಯೆಯ ಕೊನೆಗೆ ಸಣ್ಣ ತ್ರಿಕೋನವಿದ್ದರೆ, ಹಾಡಿದವರ ಮುಂದೆ ಕಹಳೆಯ ಬದಲು ಮೈಕು ಇತ್ತೆಂದರ್ಥ. ಆ ಪದ್ಧತಿ 1925ರ ನಂತರದ್ದು. ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆಕೆಯದೋ ಬೆಂಗಳೂರು ನಾಗರತ್ನಮ್ಮನವರದೋ ಆರಂಭಕಾಲದ ಪ್ಲೇಟು ಒಡೆಯದೆ ಉಳಿದಿದ್ದರೆ, ಯಂತ್ರಕ್ಕಿಂತ ಅದೇ ಬೆಲೆಯುಳ್ಳದ್ದಾಗಬಹುದು.

ನಕಲಿಯ ಲಕ್ಷಣ ದೂರದಿಂದಲೇ ತಿಳಿಯುತ್ತದೆ. ಆರೋ ಎಂಟೋ ಮೂಲೆಯ ಪೆಟ್ಟಿಗೆ, ಸುತ್ತ ಉಬ್ಬುಚಿತ್ರದ ಹಿತ್ತಾಳೆ ತಗಡು, ಮೇಲೆ ದೊಡ್ಡ ನಾಯಿಯ ಬಿಲ್ಲೆ. ಹತ್ತಿರ ಹೋದರೆ ಕಹಳೆಯ ತಗಡು ತೆಳ್ಳಗೆ, ಬೆಸುಗೆ ಒರಟು. ಕಹಳೆಯನ್ನು ಹೊತ್ತ ಮೊಣಕೈ ಕೊಳಾಯಿ ಪೈಪಿನ ಹಾಗೆ ದಪ್ಪ. ತಳದ ಹಲಗೆ ಬಿಚ್ಚಿದರೆ ಒಳಗೆ ಯಾವುದೋ 102ರ ಮೋಟಾರು, ಅದನ್ನು ಹಿಡಿದ ಸ್ಟಾರ್ ಸ್ಕ್ರೂಗಳು. ಆ ತಲೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಇಂಥದ್ದೊಂದನ್ನು ಕಟ್ಟಲು ಒಂದು ಅಸಲಿ ಕರಿ ಪೆಟ್ಟಿಗೆಯನ್ನು ಕೊಯ್ದಿರುತ್ತಾರೆ ಎಂಬುದೇ ದುಃಖದ ಸಂಗತಿ. ಅಸಲಿ ಹೇಗಿರುತ್ತದೆಂದು ಕಣ್ಣಿಗೆ ಅಭ್ಯಾಸವಾಗಲು ಜೆ.ಪಿ. ನಗರ 7ನೇ ಹಂತದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಸಂಗ್ರಹಾಲಯಕ್ಕೆ ಹೋಗಬಹುದು. ಧ್ವನಿಮುದ್ರಣದ ಚರಿತ್ರೆಗೂ ಅಲ್ಲಿ ಜಾಗವಿದೆ.

ಬೆಲೆ ಕಟ್ಟುವವರು ಮೊದಲು ನೋಡುವುದು ಮೂಲ ಭಾಗಗಳು ಎಷ್ಟು ಉಳಿದಿವೆ ಎಂದು. ಅಪರೂಪತೆ, ಹಾಡುವ ಸ್ಥಿತಿ ಆಮೇಲಿನ ಲೆಕ್ಕ. ಸ್ಪ್ರಿಂಗ್ ತುಂಡಾಗಿದ್ದರೆ ಹೊಸದು ಹಾಕಿಸಬಹುದು, ಬೆಲೆ ಹೆಚ್ಚೇನೂ ಇಳಿಯದು. ಸತು ಬೆರೆತ ಅಗ್ಗದ ಎರಕದಲ್ಲಿ ಮಾಡಿದ ಸೌಂಡ್‌ಬಾಕ್ಸಿನ ಬೆನ್ನು ಉಬ್ಬಿ ಬಿರಿದಿದ್ದರೆ ಅದಕ್ಕೆ ಮದ್ದಿಲ್ಲ. ತುಂಬು ಪ್ರೀತಿಯಿಂದ ಮಾಡುವ ದೊಡ್ಡ ತಪ್ಪು ಬೆಳಗುವುದು. ಪೂಜೆಯ ದೀಪದಂತೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ನಿಕ್ಕಲ್ ಲೇಪ ಎದ್ದುಹೋಗುತ್ತದೆ. ಮರಕ್ಕೆ ಹೊಸ ಪಾಲಿಶ್ ಬಿದ್ದರೆ ಕಂಪನಿಯ ಹಳೆಯ ಚಿತ್ರ, ಅಂಗಡಿಯ ಬಿಲ್ಲೆ ಅಳಿಸಿಹೋಗುತ್ತವೆ. ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ನುಡಿಸಿ ನೋಡುವವರು ಪ್ಲೇಟಿನ ಪ್ರತಿ ಬದಿಗೂ ಹೊಸ ಉಕ್ಕಿನ ಮುಳ್ಳು ಹಾಕಬೇಕು. ಸವೆದ ಮುಳ್ಳು ಅರಗನ್ನು ಉಳುತ್ತದೆ. ಇನ್ನು ದರ: ಅಂಗಡಿಯವರು ಹೇಳುವ ದರಕ್ಕೂ ಅದೇ ಮಾದರಿ ನಿಜಕ್ಕೂ ಮಾರಾಟವಾದ ದರಕ್ಕೂ ಅಂತರವಿರುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಎರಡನೆಯದು.

ವಿದೇಶದಲ್ಲಿರುವ ಮಕ್ಕಳಿಗೆ ಅಜ್ಜನ ಗ್ರಾಮಫೋನು ಕಳಿಸಬೇಕೆನ್ನುವ ಮನೆಗಳು ದಕ್ಷಿಣ ಬೆಂಗಳೂರಿನಲ್ಲಿ ಇದ್ದೇ ಇವೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ. ನೂರು ತುಂಬದ್ದಕ್ಕೆ, ಅದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬಹುದು. ಅದರ ಬೆಂಗಳೂರು ವಲಯ ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. 1931ರಲ್ಲಿ ಹುಟ್ಟಿದ ಮಾದರಿಯಾದ್ದರಿಂದ ಯಾವ 102ಕ್ಕೂ 2031ರವರೆಗೆ ನೂರು ತುಂಬುವುದಿಲ್ಲ. ಮುಂದೆ ತೂತಿರುವ 101ರ ಮಾತು ಬೇರೆ.